ಬಣ್ಣ ನೋಡಿ ಮೀನು ಕೂಡಿಸಬೇಡಿ

ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಅಂಚಿನ ಕೆಸರಲ್ಲಿ ಊಟದ ತಟ್ಟೆಯಗಲದ ಗುಂಡಿಗಳು ಕಾಣುತ್ತವಲ್ಲ, ಅವು ಜಿಲೇಬಿ ಮೀನಿನ ಗಂಡುಗಳು ತೋಡಿದ್ದು. ಆ ಗುಂಡಿ ಹತ್ತಿರ ಇನ್ನೊಂದು ಗಂಡು ಸುಳಿದರೆ ಅಟ್ಟಿಸಿಕೊಂಡು ಹೋಗುತ್ತದೆ. ಆಫ್ರಿಕಾದ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಅಕ್ವೇರಿಯಂ ಅಂಗಡಿಗಳಲ್ಲಿ ಈಗ ಹಳದಿ, ನೀಲಿ, ಪಟ್ಟೆ ಪಟ್ಟೆಯಾಗಿ ಮಿಂಚುವ ಸಿಕ್ಲಿಡ್ ಮೀನುಗಳು ಇದರದೇ ಬಳಗ. ಜಾಗಕ್ಕಾಗಿ ಹೊಡೆದಾಡುವುದು ಅವುಗಳ ಹುಟ್ಟುಗುಣ. ಮಾರುವವರು ಈ ಮಾತನ್ನು ಮುಚ್ಚಿಡುತ್ತಾರೆ ಅನ್ನೋದೇ ನನ್ನ ತಕರಾರು.

ಕಳೆದ ವರ್ಷ ನಮ್ಮ ಅಕ್ಕನ ಮಗ ಹಬ್ಬಕ್ಕೆ ಸಿಕ್ಕ ದುಡ್ಡೆಲ್ಲ ಕೂಡಿಟ್ಟು, ತಾಲ್ಲೂಕು ಕೇಂದ್ರದ ಅಂಗಡಿಯೊಂದರಿಂದ 'ಮಿಕ್ಸ್ ಸಿಕ್ಲಿಡ್' ಅಂತ ಎಂಟು ಮರಿ ತಂದ. ಜೊತೆಗೆ ಎರಡಡಿ ಗಾಜಿನ ತೊಟ್ಟಿ. ಆರು ತಿಂಗಳಾಗುವಷ್ಟರಲ್ಲಿ ಹಳದಿ ಮೈಯ ಒಂದು ಮರಿ ಕಪ್ಪಗಾಯಿತು. ಮಿಕ್ಕವುಗಳ ಬಾಲ ಚಿಂದಿ. ಒಂದು ಫಿಲ್ಟರ್ ಹಿಂದೆ ಅಡಗಿ ಅಲ್ಲೇ ಸತ್ತಿತ್ತು. "ಮಾಮ, ಇದಕ್ಕೇನು ಹುಚ್ಚು ಹಿಡಿದಿದೆಯಾ?" ಅಂತ ಫೋನ್ ಮಾಡಿದ. ಹುಚ್ಚಲ್ಲ. ಅದು ಆರೇಟಸ್ ಜಾತಿಯ ಗಂಡು, ಯಜಮಾನನಾದಾಗ ಬಣ್ಣ ಬದಲಿಸುತ್ತದೆ. ಕೊನೆಗೆ ಉಳಿದದ್ದು ಅದೊಂದೇ.

ಆರೇಟಸ್ ಆಫ್ರಿಕಾದ ಮಲಾವಿ ಸರೋವರದ್ದು, ಬಂಡೆಗಳ ಸಂದಿಯಲ್ಲಿ ಬದುಕುವ ಮೀನು. ಅಲ್ಲಿ ಸೋತದ್ದು ಓಡಿಹೋಗಬಹುದು. ಎರಡಡಿ ತೊಟ್ಟಿಯಲ್ಲಿ ಎಲ್ಲಿಗೆ ಓಡಬೇಕು? ಇಂಥ ಮೀನುಗಳನ್ನು ಕೂಡಿಸಿ ಸಾಕಬೇಕೆಂದರೆ ಕನಿಷ್ಠ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಬೇಕು. ಅಂದರೆ ಸುಮಾರು 250 ಲೀಟರ್ ನೀರು. ಕಲ್ಲುಗಳನ್ನು ಸಂದಿ ಬಿಟ್ಟು ಮೇಲಿನವರೆಗೂ ಪೇರಿಸಬೇಕು. ಕಲ್ಲಿಟ್ಟ ಮೇಲೇ ಮರಳು ಹಾಕಿ, ಇಲ್ಲದಿದ್ದರೆ ಮೀನು ಅಡಿ ತೋಡಿ ಕಲ್ಲು ಉರುಳಿಸಿ ಗಾಜು ಒಡೆದೀತು. ಒಂದೊಂದು ಜಾತಿಯಲ್ಲೂ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ನೋಡಲು ಒಂದೇ ಥರ ಇರುವ ಎರಡು ಜಾತಿ ಬೇಡ, ಒಂದನ್ನೊಂದು ಎದುರಾಳಿ ಅಂದುಕೊಳ್ಳುತ್ತವೆ. ಎಲ್ಲವನ್ನೂ ಮರಿಯಿದ್ದಾಗ ಒಟ್ಟಿಗೇ ಬಿಡಬೇಕು. ಆಮೇಲೆ ಹೊಸದನ್ನು ತಂದರೆ ಕಲ್ಲುಗಳ ಜಾಗ ಬದಲಿಸಿ, ದೀಪ ಆರಿಸಿ ಬಿಡಿ. ಹಳೆಯವುಗಳ ಗಡಿ ಅಳಿಸಿ ಹೋಗಿರುತ್ತದೆ.

ಯೂಟ್ಯೂಬಿನಲ್ಲಿ ಇನ್ನೊಂದು ಉಪಾಯ ಹೇಳುತ್ತಾರೆ. ಮೀನು ಹೆಚ್ಚಿಗೆ ತುಂಬಿಸಿ, ಆಗ ಏಟು ಹಂಚಿಹೋಗುತ್ತದೆ, ಒಂದೇ ಮೀನು ಸಾಯುವಷ್ಟು ತಿನ್ನುವುದಿಲ್ಲ ಅಂತ. ಮಾತು ನಿಜವೇ. ಆದರೆ ಅದು ಕರೆಂಟು ಹೋಗದ ಊರಿನವರ ಉಪಾಯ. ತುಂಬಿದ ತೊಟ್ಟಿಯಲ್ಲಿ ರಾತ್ರಿ ಫಿಲ್ಟರ್ ನಿಂತರೆ ಬೆಳಗಾಗುವಷ್ಟರಲ್ಲಿ ಎಲ್ಲವೂ ನೀರಿನ ಮೇಲೆ ಬಾಯಿ ಬಿಡುತ್ತಿರುತ್ತವೆ. ಹಾಗಾಗಿ ನಮ್ಮ ಹಳ್ಳಿಗಳಿಗೆ ನನ್ನ ಸಲಹೆ ಬೇರೆ: ಸಂಖ್ಯೆ ಕಡಿಮೆ ಇಡಿ, ಸಾಧು ಜಾತಿ ಆರಿಸಿ. ಎಲೆಕ್ಟ್ರಿಕ್ ಯೆಲ್ಲೊ ಅಂಥದ್ದು. ಆರೇಟಸ್, ಕೆನ್ಯಿ ಎರಡನ್ನೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದು ಮನೆಯಲ್ಲಿರಲಿ.

ನಮಗೊಂದು ಅನುಕೂಲವೂ ಇದೆ. ಬೇಳೆ ಬೇಯದ ನಮ್ಮ ಗಡಸು ಬೋರ್ ನೀರು ಮಲಾವಿ ಮೀನುಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಉಳಿದ ಆ ಒಂದು ಮೀನನ್ನು ಏನು ಮಾಡಲಿ ಅಂತ ಹುಡುಗ ಅಂಗಡಿಯಲ್ಲಿ ಕೇಳಿದರೆ "ಕೆರೆಗೆ ಬಿಟ್ಟುಬಿಡಪ್ಪ" ಅಂದರಂತೆ. ಇದು ಶುದ್ಧ ತಪ್ಪು. ಹೊರಗಿನ ಮೀನು ಕೆರೆ ಸೇರಿದರೆ ಏನಾಗುತ್ತದೆ ಅನ್ನೋದನ್ನು ಜಿಲೇಬಿಯಲ್ಲೇ ನೋಡಿದ್ದೇವೆ. ಬಲೆ ಹಾಕಿದರೆ ಬೇರೆ ಮೀನಿಗಿಂತ ಅದೇ ಹೆಚ್ಚು.

ಮೊನ್ನೆ ಸುದ್ದಿಗೆ ಹೋದಾಗ ಅದೇ ಅಂಗಡಿಗೆ ಹೊಕ್ಕೆ. ಬೆರಳುದ್ದದ ಆಸ್ಕರ್ ಮರಿಗಳಿದ್ದವು, ಬೆಳೆದರೆ ಒಂದಡಿ ಆಗುವ ಮೀನು. ಪ್ರತಿ ತೊಟ್ಟಿಯ ಮೇಲೆ ಮೀನು ಎಷ್ಟುದ್ದ ಬೆಳೆಯುತ್ತದೆ, ಯಾವುದರ ಜೊತೆ ಬಿಡಬಾರದು ಅಂತ ಒಂದು ಚೀಟಿ ಅಂಟಿಸಿ ಅಂದೆ.

"ಹಂಗೆ ಬರೆದ್ರೆ ಯಾರು ಸಾರ್ ತಗೊಂಡು ಹೋಗ್ತಾರೆ?" ಅಂದರು.