ಬಿಸಿಲೆಯ ಮರಳು, ಬೆಂಗ್ರೆಯ ಗೋಡೆ

ನಮ್ಮ ಹೆತ್ತೂರಿನಿಂದ ಬಿಸಿಲೆ ಘಾಟಿಯ ಕಡೆ ಹೊರಟರೆ ಮಂಕನಹಳ್ಳಿಯ ಹತ್ತಿರ ಒಂದು ಕಲ್ಲಿದೆ. ಅದರ ಒಂದು ಬದಿ ಬಂಗಾಳ ಕೊಲ್ಲಿಯನ್ನೂ ಇನ್ನೊಂದು ಬದಿ ಅರಬ್ಬಿ ಸಮುದ್ರವನ್ನೂ ತೋರಿಸುತ್ತದೆ. ಮೂಡಲಿಗೆ ಬಿದ್ದ ಮಳೆ ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಪಡುವಲಿಗೆ ಬಿದ್ದದ್ದು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ಮಂಗಳೂರಿನಲ್ಲಿ ಕಡಲಿಗೆ. ಇದು ನಮ್ಮೂರ ಮಕ್ಕಳಿಗೆಲ್ಲ ಬಾಯಿಪಾಠ. ಆದರೆ ನೀರಿನ ಜೊತೆ ಇನ್ನೊಬ್ಬ ಪ್ರಯಾಣಿಕನೂ ಟಿಕೇಟಿಲ್ಲದೆ ಹೋಗುತ್ತಾನೆ, ಮಕ್ಕಳೇ. ಅವನೇ ಮರಳು.

ಈ ಮರಳು ಕಡಲಿಗೆ ಹೋಗಿ ಏನು ಮಾಡುತ್ತದೆ? ಬಂದರು ಕಟ್ಟುತ್ತದೆ!

ತಮಾಷೆಯಲ್ಲ. ಮಂಗಳೂರಿನ ಹಳೇ ಬಂದರು ನೋಡಿದ್ದೀರಾ? ದೋಣಿಗಳು ನಿಲ್ಲುವುದು ಗುರುಪುರ ಹೊಳೆಯ ದಡದಲ್ಲಿ. ಎದುರಿಗೆ ಉದ್ದಕ್ಕೆ ಚಾಚಿಕೊಂಡ ಒಂದು ಮರಳ ನಾಲಗೆ, ಅದರ ಆಚೆ ಕಡಲು. ಆ ನಾಲಗೆಯೇ ಬೆಂಗ್ರೆ. ಹೊಳೆ ತಂದು ಹಾಕಿದ ಮರಳನ್ನು ಅಲೆಗಳು ವಾಪಸು ದಡಕ್ಕೆ ತಳ್ಳಿ ತಳ್ಳಿ ಮಾಡಿದ ಗೋಡೆ ಅದು. ಅದರ ಮೇಲೆ ತೆಂಗು ಬೆಳೆಯಿತು, ಮೀನುಗಾರರ ಮನೆಗಳು ಬಂದವು. ಅದರ ಮರೆಯಲ್ಲಿ ನಿಂತ ದೋಣಿಗಳಿಗೆ ಕಡಲಿನ ಅಬ್ಬರ ತಟ್ಟುವುದಿಲ್ಲ. ಉಡುಪಿ ಕಡೆಯ ಕೋಡಿಬೆಂಗ್ರೆಯೂ ಇಂಥದ್ದೇ. ಸಿಮೆಂಟಿಲ್ಲ, ಎಂಜಿನಿಯರಿಲ್ಲ.

ಕೇರಳದಲ್ಲಿ ಇನ್ನೂ ವಿಚಿತ್ರ. ಅಲ್ಲಿ ಮಳೆಗಾಲದಲ್ಲಿ ದಡದ ಹತ್ತಿರ ಮೆತ್ತನೆಯ ಕೆಸರು ತೇಲಿ ನಿಲ್ಲುತ್ತದೆ, ಅದಕ್ಕೆ ಚಾಕರ ಎನ್ನುತ್ತಾರೆ. ಎಂಥಾ ಅಲೆಯೂ ಆ ಕೆಸರಿಗೆ ಬಂದರೆ ಸುಸ್ತಾಗಿ ಮಲಗಿಬಿಡುತ್ತದೆ. ಆಲಪ್ಪುಳದಲ್ಲಿ ಹಿಂದೆ ಹಡಗುಗಳು ಇದನ್ನೇ ನಂಬಿ ಲಂಗರು ಹಾಕುತ್ತಿದ್ದವು.

ದೊಡ್ಡ ಹಡಗಿಗೆ ಮಾತ್ರ ಇಷ್ಟು ಸಾಲದು. ಅದಕ್ಕೇ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಕೆರೆಯ ಹಾಗೆ ಮಾಡಿ, ಕಡಲಿಗೆ ಬಾಯಿ ತೆರೆದು 1974ರಲ್ಲಿ ನವಮಂಗಳೂರು ಬಂದರು ಮಾಡಿದರು. ನಮ್ಮ ಸಕಲೇಶಪುರದ ಕಡೆಯ ಕಾಫಿ ಬೇರೆ ದೇಶಕ್ಕೆ ಹೊರಡುವ ಬಾಗಿಲು ಅದು. ಅಂಥ ಬಂದರನ್ನು ಬೇಡ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಹೂಳು ಸುಮ್ಮನಿರುತ್ತದೆಯೇ? ಹಡಗಿನ ದಾರಿಯಲ್ಲಿ ತುಂಬುತ್ತಲೇ ಇರುತ್ತದೆ, ಯಂತ್ರ ಎತ್ತುತ್ತಲೇ ಇರಬೇಕು.

ಕಡಲ ದಡದಲ್ಲಿ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಅಲೆ ಓರೆಯಾಗಿ ಬಡಿದ ಹಾಗೆಲ್ಲ ದಡದುದ್ದಕ್ಕೂ ನಡೆಯುತ್ತದೆ. ನಡುವೆ ಕಲ್ಲಿನ ಗೋಡೆ ಹಾಕಿದರೆ ಒಂದು ಬದಿಗೆ ಮರಳು ಗುಡ್ಡೆ ಬೀಳುತ್ತದೆ, ಇನ್ನೊಂದು ಬದಿ ಉಪವಾಸ ಬೀಳುತ್ತದೆ. ಮದ್ರಾಸಿನಲ್ಲಿ 1870ರ ದಶಕದಲ್ಲಿ ಬಂದರಿನ ಗೋಡೆ ಕಟ್ಟತೊಡಗಿದರು. ತೆಂಕಲಲ್ಲಿ ಮರಳು ಸೇರಿ ಮರೀನಾ ಬೀಚು ಅಗಲವಾಯಿತು. ಬಡಗಲ ರಾಯಪುರಂ ಕಡೆ ಕಡಲು ದಡವನ್ನೇ ತಿಂದಿತು. ಬೀಚಿನಲ್ಲಿ ಗಾಳಿಪಟ ಹಾರಿಸುವವರೂ ಮನೆ ಕಳೆದುಕೊಂಡವರೂ ಒಂದೇ ಗೋಡೆಯ ಎರಡು ಬದಿಯವರು.

ನಮ್ಮ ಉಳ್ಳಾಲದಲ್ಲೂ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಹೆದರಿಕೆ. ಬಂಡೆ ಸುರಿದದ್ದಾಯಿತು, ಬಂಡೆ ಮುಳುಗಿದ್ದೂ ಆಯಿತು. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ, ಅಲೆ ದೂರದಲ್ಲೇ ಮುರಿಯಲಿ ಎಂದು ನೀರಿನೊಳಗೆ ದಿಬ್ಬ ಮಾಡಿದರು. ನೆದರ್‌ಲ್ಯಾಂಡ್ಸ್‌ನವರು 2011ರಲ್ಲಿ ಇನ್ನೂ ಮುಂದೆ ಹೋದರು. 2 ಕೋಟಿ 15 ಲಕ್ಷ ಘನ ಮೀಟರ್ ಮರಳನ್ನು ದಡದ ಒಂದೇ ಕಡೆ ಕೊಕ್ಕೆಯಾಕಾರದಲ್ಲಿ ಸುರಿದು ಕೈಕಟ್ಟಿ ಕೂತರು. ಅದನ್ನು ದಡದುದ್ದಕ್ಕೂ ಹಂಚುವ ಕೆಲಸ ಗಾಳಿಗೆ, ಅಲೆಗೆ ಬಿಟ್ಟದ್ದು. ಕೂಲಿಯಿಲ್ಲದ ಆಳು! ಅದಕ್ಕೆ ಮರಳಿನ ಎಂಜಿನ್ ಎಂದೇ ಹೆಸರು.

ಆ ಆಳಿಗೆ ಮರಳು ಕೊಡುವವರು ಯಾರು? ನಮ್ಮಂಥ ಬೆಟ್ಟದ ಊರುಗಳು. ಮಂಕನಹಳ್ಳಿ ಕಲ್ಲಿನ ಮೂಡಲ ಬದಿಯ ಮರಳಿಗೆ ಗೊರೂರಿನ ಅಣೆಕಟ್ಟು, ಕನ್ನಂಬಾಡಿ, ಮೆಟ್ಟೂರು ಎಂದು ಸಾಲು ಸಾಲು ಗೇಟು. ಅವನ್ನು ದಾಟಿ ಕಡಲು ಕಾಣುವುದು ಅದಕ್ಕೆ ಕಷ್ಟ. ಪಡುವಲ ಬದಿಯಲ್ಲಿ ಅಂಥ ದೊಡ್ಡ ಜಲಾಶಯಗಳಿಲ್ಲ, ಆದರೆ ಹೊಳೆಯಿಂದ ಮರಳು ತುಂಬುವ ಲಾರಿಗಳಿವೆ. ಎತ್ತಿನಹೊಳೆಯ ನೀರನ್ನು ಮೂಡಲಿಗೆ ಎತ್ತುವ ಕೆಲಸವೂ 2024ರ ಸೆಪ್ಟೆಂಬರಿನಲ್ಲಿ ಶುರುವಾಗಿದೆ. ಬಯಲುಸೀಮೆಗೆ ಕುಡಿಯುವ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮೂರ ಹೋಟೆಲಿನ ಚರ್ಚೆಯಲ್ಲಿ ಎಷ್ಟು ಟಿಎಂಸಿ ಎಂಬ ಲೆಕ್ಕ ದಿನಾ ಕೇಳಿಸುತ್ತದೆ. ಎಷ್ಟು ಮರಳು ಎಂದು ಕೇಳಿದವರು ಒಬ್ಬರೂ ಸಿಕ್ಕಿಲ್ಲ.

ಈ ಸಲ ಮಳೆ ಹಿಡಿದಾಗ ಅಂಗಳದಂಚಿನ ಸಣ್ಣ ತೋಡಿಗೆ ಅರ್ಧಕ್ಕೆ ಮಾತ್ರ ಅಡ್ಡಲಾಗಿ ನಾಲ್ಕು ಕಲ್ಲು ಇಡಿ. ಛತ್ರಿ ಮರೆಯಬೇಡಿ, ಅಮ್ಮ ಬೈದರೆ ನನ್ನ ಹೆಸರು ಹೇಳಬೇಡಿ. ಮಾರನೇ ದಿನ ಕಲ್ಲಿನ ಮೇಲ್ಬದಿ ಎಷ್ಟು ಮರಳು ಕೂತಿದೆ, ಕೆಳಬದಿ ಎಷ್ಟು ಕೊರೆದಿದೆ, ಸ್ಕೇಲ್ ಇಟ್ಟು ಅಳೆದು ನನಗೊಂದು ಕಾಗದ ಬರೆಯಿರಿ.