ದೋಣಿಯ ಹಳೆಯ ಎಂಜಿನ್ನು ಕೆಮ್ಮಿದಾಗ

ಕಳೆದ ತಿಂಗಳು ಹೊಲಿಗೆಯ ಯಂತ್ರದ ಉಪಚಾರವನ್ನು ಕುರಿತು ಬರೆದುದಾಯಿತು. ಹೊಳೆಯಂಚಿನ ವಾಚಕರ ಅಪೇಕ್ಷೆಯಂತೆ ಈ ಸಲ ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನ ವಿಚಾರವನ್ನೆತ್ತಿಕೊಂಡಿದ್ದೇವೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲಸಿದ ಓಲೆ ಎವಿನ್‌ರೂಡ್ ಎಂಬಾತನು ೧೯೦೯ರಲ್ಲಿ ಇಂತಹ ಎಂಜಿನ್ನುಗಳ ಮಾರಾಟಕ್ಕೆ ತೊಡಗಿದನು. ಅಂದಿನಿಂದ ಇಂದಿನವರೆಗೆ ಇವುಗಳ ರೋಗಗಳು ಹೆಚ್ಚು ಬದಲಾಗಿಲ್ಲ.

ಕುಂದಾಪುರದ ಬಳಿ, ಪಂಚಗಂಗಾವಳಿಯ ದಡದಲ್ಲಿ ನಮ್ಮ ಭಾವನವರ ಮನೆ. ಅವರಲ್ಲಿ ಎರಡು ಸಿಲಿಂಡರುಗಳ ಪೆಟ್ರೋಲು ಎಂಜಿನ್ನೊಂದುಂಟು. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ಮಲಗಿದ್ದ ಅದನ್ನು ಹೊರತೆಗೆದಾಗ ಮಂದಗತಿಯಲ್ಲಿ ಸೊಗಸಾಗಿಯೇ ಓಡಿತು. ವೇಗವನ್ನೇರಿಸಿದೊಡನೆ ಕೆಮ್ಮಿ, ಬಳಲಿ, ನಿಂತಿತು. ಭಾವನವರು ಕಾರ್ಬ್ಯುರೇಟರಿನ ತಿರುಪನ್ನು ಅತ್ತಿತ್ತ ತಿರುಗಿಸಿ, "ಹಳತಾಯಿತು, ನಿಧಾನವಾಗಿಯೇ ಅಳಿವೆ ದಾಟಿಸುವೆ" ಎಂದರು.

ಅಕ್ಕನು ಒಪ್ಪಲಿಲ್ಲ. "ಅಳಿವೆಯ ಬಾಯಲ್ಲಿ ಎಂಜಿನ್ನು ನಿಂತರೆ ತೆರೆ ನಿಮ್ಮನ್ನು ಕೇಳಿಕೊಂಡು ಬರುವುದೇ? ಸರಿಯಾಗುವ ತನಕ ದೋಣಿ ಸಮುದ್ರಕ್ಕೆ ಹೋಗಕೂಡದು" ಎಂದಳು. ಅಕ್ಕನ ಮಾತೇ ಸರಿ. ಅದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಬಗೆಯ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಾರಿಕೆಯನ್ನೊದಗಿಸತಕ್ಕದ್ದು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಯಿತು. ಹಸಿದ ಎಂಜಿನ್ನನ್ನು ಬಲವಂತವಾಗಿ ಓಡಿಸಿದಲ್ಲಿ ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಆದಕಾರಣ ರೋಗವನ್ನರಿಯುವ ಮೊದಲು ತಿರುಪಿಗೆ ಕೈಹಚ್ಚಬಾರದು.

ನಾವು ಮೊದಲು ನೋಡಿದ್ದು ಸ್ಪಾರ್ಕ್ ಪ್ಲಗ್ಗುಗಳನ್ನು. ಕಪ್ಪಾಗಿ ತೊಯ್ದಿದ್ದರೆ ಆ ಸಿಲಿಂಡರಿನಲ್ಲಿ ಇಂಧನವು ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ತಿಳಿಗಂದು ಬಣ್ಣವು ಆರೋಗ್ಯದ ಗುರುತು. ಇಲ್ಲಿ ಎರಡೂ ಬೆಳ್ಳಗೆ ಒಣಗಿದ್ದವು. ಎರಡಕ್ಕೂ ಕಿಡಿಯಿತ್ತು. (ಕಿಡಿಯನ್ನು ಪರೀಕ್ಷಿಸುವಾಗ ಪೆಟ್ರೋಲಿನ ಡಬ್ಬ ದೂರವಿರಲಿ, ಬೀಡಿಯಂತೂ ಬೇಡವೇ ಬೇಡ.) ಮಾಪಕವಿಟ್ಟು ನೋಡಲು ಸಿಲಿಂಡರುಗಳೆರಡರ ಒತ್ತಡವೂ ಹೆಚ್ಚುಕಡಮೆ ಸಮವಾಗಿತ್ತು. ಅವುಗಳಲ್ಲಿ ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚಿನ ಅಂತರವಿದ್ದಿದ್ದರೆ ಉಳಿದ ಪರೀಕ್ಷೆಯೇ ವ್ಯರ್ಥ, ಎಂಜಿನ್ನನ್ನು ಬಿಚ್ಚಲೇಬೇಕಾಗುತ್ತಿತ್ತು. ತಂಪುಮಾಡುವ ನೀರು ಹಿಂದಿನ ರಂಧ್ರದಿಂದ ಚೆನ್ನಾಗಿ ಚಿಮ್ಮುತ್ತಿತ್ತು.

ಇನ್ನುಳಿದದ್ದು ಇಂಧನದ ದಾರಿ. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿಯನ್ನು ತೆರೆದೆವು, ಪ್ರಯೋಜನವಾಗಲಿಲ್ಲ. ಹಳೆಯ ಪೆಟ್ರೋಲನ್ನು ಚೆಲ್ಲಿ ಹೊಸದನ್ನು ತುಂಬಿದೆವು. ಎಣ್ಣೆಯ ಪ್ರಮಾಣವನ್ನು ತಯಾರಕರ ಪುಸ್ತಕದಂತೆಯೇ ಇಡತಕ್ಕದ್ದು. ಕೆಲವಕ್ಕೆ ೫೦ ಪಾಲು ಪೆಟ್ರೋಲಿಗೆ ೧ ಪಾಲು, ಇನ್ನೂ ಹಳೆಯವಕ್ಕೆ ೨೪ ಪಾಲಿಗೆ ೧. ಆದರೂ ಕೆಮ್ಮು ನಿಲ್ಲಲಿಲ್ಲ.

ಕಡೆಗೆ, ನೀರು ಶಾಂತವಾಗಿರುವ ಒಳಹೊಳೆಯಲ್ಲಿ ಭಾವನವರು ಚುಕ್ಕಾಣಿ ಹಿಡಿದರು. ಎಂಜಿನ್ನು ಬಳಲುತ್ತಿದ್ದಂತೆ ಅಕ್ಕನು ಪೆಟ್ರೋಲು ಕೊಳವೆಯ ನಡುವಣ ರಬ್ಬರಿನ ಬುರುಡೆಯನ್ನು ಹಿಸುಕತೊಡಗಿದಳು. ಏನಾಶ್ಚರ್ಯ! ಎಂಜಿನ್ನು ಚೇತರಿಸಿಕೊಂಡು ಮುನ್ನುಗ್ಗಿತು. ಕೈಬಿಟ್ಟರೆ ಮತ್ತೆ ಬಳಲಿತು. ಕೈಯಿಂದ ನೂಕಿದ ಪೆಟ್ರೋಲನ್ನು ಕಾರ್ಬ್ಯುರೇಟರು ಸ್ವೀಕರಿಸುತ್ತಿದೆಯೆಂದ ಮೇಲೆ ದೋಷವು ಅದಕ್ಕಿಂತ ಹಿಂದೆಯೇ ಇರಬೇಕಷ್ಟೆ.

ಎಂಜಿನ್ನಿನ ಒಡಲಿನ ಒತ್ತಡದ ಏರಿಳಿತದಿಂದ ಅಲುಗಾಡುವ ತೆಳ್ಳನೆಯ ಪೊರೆಯೊಂದು ಇಂಧನದ ಪಂಪಿನಲ್ಲಿರುವುದು. ಬಿಚ್ಚಿ ನೋಡಿದರೆ ಅದು ಹಳೆಯ ಹಪ್ಪಳದಂತೆ ಸೆಟೆದಿತ್ತು. ಕೊಳವೆಯ ಸಂದಿನಲ್ಲಿಯೂ ಗಾಳಿಯೊಳಸೇರುವಷ್ಟು ಬಿರುಕು. ಎರಡನ್ನೂ ಬದಲಾಯಿಸಿ, ತಿರುಪನ್ನು ಪುಸ್ತಕದಲ್ಲಿ ಹೇಳಿದ ಸುತ್ತಿಗೆ ಮರಳಿ ತಂದೆವು.

ಮರುದಿನ ಭರತದ ವೇಳೆಗೆ ದೋಣಿ ಹೊರಟಿತು. ಹುಟ್ಟುಗಳೆರಡನ್ನೂ ಲಂಗರನ್ನೂ ಅಕ್ಕನೇ ಹೊತ್ತುತಂದು ಒಳಗಿಟ್ಟಳು, ಭಾವನವರು ಮಾತನಾಡಲಿಲ್ಲ.