ನಾಲ್ಕೂವರೆ ಗಂಟೆಯ ಚಿಕಿತ್ಸೆ ಶಿರಸಿಯಲ್ಲೇ ಸಿಗಲಿ

ದಾಸನಕೊಪ್ಪ ಸೀಮೆಯ ಹಾಗೂ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸಮಸ್ತ ನಾಗರಿಕರ ಗಮನಕ್ಕೆ

ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ, ಮಳೆ ನಿಂತ ಮೇಲೆ ಕೊನೆ ಕೊಯ್ಯುವಾಗ ಮರ ಹತ್ತುವ ಕೊನೆಗೌಡರಿಗೆ ಪುರುಸೊತ್ತಿರುವುದಿಲ್ಲ. ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ನೆಲದಿಂದ 40–50 ಅಡಿ ಎತ್ತರ. ಒಂದು ಮರ ಮುಗಿದರೆ ಕೆಳಗಿಳಿಯದೆ ಪಕ್ಕದ ಮರವನ್ನು ಕೈಯಲ್ಲಿ ಎಳೆದುಕೊಂಡು ದಾಟುತ್ತಾರೆ. ಶಿರಸಿಯ ಮಾರುಕಟ್ಟೆಗೆ ಬರುವ ಅಡಿಕೆಯ ಹಿಂದೆ ಈ ಜೀವಗಳ ದುಡಿಮೆ ಇದೆ. ಪಾಚಿಗಟ್ಟಿದ ಮರದಲ್ಲಿ ಒಮ್ಮೆ ಕಾಲು ಜಾರಿದರೆ ಏಟು ಬೀಳುವುದು ಹೆಚ್ಚಾಗಿ ತಲೆಗೆ, ಇಲ್ಲವೇ ಬೆನ್ನಿಗೆ.

ಬಿದ್ದವರನ್ನು ಕಂಡ ಕೂಡಲೇ ಸುತ್ತಲಿನವರು ಓಡಿ ಬರುತ್ತಾರೆ. ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸುತ್ತಾರೆ, ಒಬ್ಬರು ನೀರು ಕುಡಿಸುತ್ತಾರೆ. ರಸ್ತೆಯಿಲ್ಲದ ಮನೆಯಾದರೆ ಬಡಿಗೆಗೆ ಕಂಬಳಿ ಕಟ್ಟಿ ಜೋಲಿಯಲ್ಲಿ ಹೊರುತ್ತಾರೆ. ಕೆಲವೊಮ್ಮೆ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಯೂ ಒಯ್ಯುತ್ತಾರೆ. ಪ್ರೀತಿಯಿಂದ, ಗಾಬರಿಯಿಂದ ಮಾಡುವ ಈ ಕೆಲಸಗಳೇ ಎಷ್ಟೋ ಸಲ ಉಳಿಯಬಹುದಾಗಿದ್ದ ಕಾಲುಗಳ ಶಕ್ತಿಯನ್ನು ಕಸಿದುಬಿಡುತ್ತವೆ.

ಕಾರಣ ಸರಳ. ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪದ, ಸುಮಾರು 45 ಸೆಂಟಿಮೀಟರ್ ಉದ್ದದ ನರಗಳ ಕಟ್ಟು. ಕೈಕಾಲಿನ ಚಲನೆ, ಸ್ಪರ್ಶ, ಮಲಮೂತ್ರದ ಹಿಡಿತ ಎಲ್ಲಕ್ಕೂ ಮೆದುಳಿನ ಆಜ್ಞೆ ಹೋಗುವುದು ಇದರ ಮೂಲಕವೇ. ಬಿದ್ದಾಗ ಮುರಿದದ್ದು ಮೂಳೆ ಮಾತ್ರವಾಗಿದ್ದು, ಹುರಿ ಇನ್ನೂ ಉಳಿದಿರಬಹುದು. ಮುರಿದ ಬೆನ್ನನ್ನು ಬಗ್ಗಿಸಿದರೆ ಮೂಳೆಯ ಚೂರು ಹುರಿಯನ್ನು ಒತ್ತುತ್ತದೆ ಅಥವಾ ಸೀಳುತ್ತದೆ. ಮೂಳೆ ಕೂಡಿಕೊಳ್ಳುವಂತೆ ಹುರಿ ಕೂಡಿಕೊಳ್ಳುವುದಿಲ್ಲ.

ತೋಟದಲ್ಲಿ ಮಾಡಬೇಕಾದದ್ದು

ಬಿದ್ದವರನ್ನು ಕೂರಿಸಬಾರದು, ನಿಲ್ಲಿಸಬಾರದು, ಕುಡಿಯಲು ಏನನ್ನೂ ಕೊಡಬಾರದು. ಮೊದಲು ಉಸಿರಾಟ ನೋಡಬೇಕು, ರಕ್ತ ಸೋರುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಬೇಕು, 108ಕ್ಕೆ ಕರೆ ಮಾಡಬೇಕು. ಸಾಗಿಸಲೇಬೇಕಾದರೆ ಜೋಲಿ ಬೇಡ. ಬಾಗಿಲ ಹಲಗೆ, ಮಂಚದ ಹಲಗೆಯಂಥ ಗಟ್ಟಿಯಾದ, ಸಮತಟ್ಟಾದ ವಸ್ತು ಬೇಕು. ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿಯಬೇಕು. ಉಳಿದ ಮೂವರು ಭುಜ, ಸೊಂಟ, ಕಾಲುಗಳನ್ನು ಹಿಡಿದು, ತಲೆ ಹಿಡಿದವರು ಹೇಳಿದ ಕ್ಷಣಕ್ಕೆ ಇಡೀ ಮೈಯನ್ನು ಒಟ್ಟಿಗೆ ಒಂದು ಬದಿಗೆ ಹೊರಳಿಸಬೇಕು. ಹಲಗೆಯನ್ನು ಬೆನ್ನಿಗೆ ತಾಗಿಸಿ ಮತ್ತೆ ಒಟ್ಟಿಗೇ ಅಂಗಾತ ಮಲಗಿಸಬೇಕು. ಕುತ್ತಿಗೆಯ ಎರಡೂ ಬದಿಗೆ ಸುತ್ತಿದ ಟವೆಲ್ ಇಟ್ಟು, ಹಣೆ, ಎದೆ, ತೊಡೆಯ ಬಳಿ ಬಟ್ಟೆಯಿಂದ ಹಲಗೆಗೆ ಕಟ್ಟಬೇಕು. ಇಷ್ಟನ್ನು ಕಲಿಯಲು ಅರ್ಧ ದಿನದ ತರಬೇತಿ ಸಾಕು.

ಮರ ಹತ್ತುವುದನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಔಷಧಿ ಹೊಡೆಯುವುದು, ಕೊನೆ ಇಳಿಸುವುದು ಸಾಧ್ಯವಾಗಿದೆ. ಒಬ್ಬರಿಗೆ ಕೊಳ್ಳಲು ಭಾರವಾದರೆ ಸಹಕಾರ ಸಂಘಗಳು ಊರಿಗೆರಡು ದೋಟಿ ಇಟ್ಟು ಬಾಡಿಗೆಗೆ ಕೊಡಲಿ. ಹತ್ತಲೇಬೇಕಾದ ಮರಕ್ಕೆ ಸೊಂಟದ ಸುರಕ್ಷಾ ಪಟ್ಟಿಯನ್ನು ತೋಟದ ಮಾಲೀಕರೇ ಒದಗಿಸಲಿ.

ತಲೆಗೆ ಏಟಾದಾಗ ಇನ್ನೊಂದು ಅಪಾಯವಿದೆ. ಬೈಕಿನಿಂದ ಬಿದ್ದವರು ಎದ್ದು ಕೂತು, ಮಾತಾಡಿ, ‘ಏನೂ ಆಗಿಲ್ಲ’ ಎಂದು ಮನೆಗೆ ಹೋಗಿ ಮಲಗುತ್ತಾರೆ. ಒಳಗೆ ತಲೆಬುರುಡೆಗೂ ಮೆದುಳಿನ ಪೊರೆಗೂ ನಡುವೆ ರಕ್ತ ಸೋರಿ ಗಂಟುಗಟ್ಟುತ್ತಿರಬಹುದು. ಕೆಲವು ಗಂಟೆಗಳಲ್ಲಿ ವಾಂತಿ, ಮಂಪರು, ಬಳಿಕ ಎಚ್ಚರವೇ ತಪ್ಪುವುದು. ಸಮಯಕ್ಕೆ ಸರಿಯಾಗಿ ಆ ರಕ್ತ ತೆಗೆದರೆ ಇಂಥವರಲ್ಲಿ ಬಹಳಷ್ಟು ಮಂದಿ ಪೂರ್ತಿ ಗುಣವಾಗುತ್ತಾರೆ. ಶಿರಸಿ–ಹಾವೇರಿ ರಸ್ತೆಯಲ್ಲಿ ದಿನವೂ ಓಡಾಡುವ ದಾಸನಕೊಪ್ಪದ ಯುವಕರು ಹೆಲ್ಮೆಟ್ ಧರಿಸಬೇಕು ಎನ್ನುವುದೂ ಇದಕ್ಕೇ. ದಂಡ ತಪ್ಪಿಸಿಕೊಳ್ಳುವುದು ಇಲ್ಲಿ ಸಣ್ಣ ಮಾತು.

ಲಕ್ವಕ್ಕೆ ಗಡಿಯಾರವೇ ಮುಖ್ಯ

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಜೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ದೃಷ್ಟಿ ಮಸುಕಾಗುವುದು ಅಥವಾ ತೋಲ ತಪ್ಪುವುದು: ಇವು ಲಕ್ವದ ಗುರುತು. ಮೆದುಳಿನ ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ವೈದ್ಯಲೋಕದ ಅಂದಾಜು. ಕಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ದೊಡ್ಡ ರಕ್ತನಾಳ ಕಟ್ಟಿದ್ದರೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಕೊಳವೆ ತೂರಿಸಿ ಗಂಟನ್ನು ಹೊರಗೆಳೆಯಬಹುದು. ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು.

ಆದರೆ ಎಲ್ಲ ಲಕ್ವವೂ ಒಂದೇ ಅಲ್ಲ. ಕೆಲವರಲ್ಲಿ ನಾಳ ಕಟ್ಟಿರುತ್ತದೆ, ಕೆಲವರಲ್ಲಿ ಒಡೆದಿರುತ್ತದೆ. ಒಡೆದವರಿಗೆ ರಕ್ತ ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಹೊರಗಿನಿಂದ ನೋಡಿ ಇದನ್ನು ಹೇಳಲು ಎಂಥ ಅನುಭವಿ ವೈದ್ಯರಿಗೂ ಆಗದು, ಸಿ.ಟಿ. ಸ್ಕ್ಯಾನ್ ಹೇಳುತ್ತದೆ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದ ಈ ಯಂತ್ರಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ಕೂಡದು ಎನ್ನುವುದೂ ನಾಳ ಒಡೆದಿರಬಹುದು ಎಂಬ ಕಾರಣಕ್ಕೇ.

ಅಂಕೋಲೆಯ ಬೆಳಂಬಾರದ ನಾಟಿ ಔಷಧಿಗೆ ದೂರದೂರದಿಂದ ಜನ ಹೋಗುತ್ತಾರೆ. ಆ ನಂಬಿಕೆಯನ್ನು ಹಳಿಯುವ ಅಗತ್ಯವಿಲ್ಲ. ಹೋಗಬೇಕೆನ್ನುವವರು ಆಮೇಲೆ ಹೋಗಲಿ. ಮೊದಲ ದಿನದ ಮೊದಲ ಗಂಟೆಗಳು ಮಾತ್ರ ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ಸೇರಬೇಕು. ಎಣ್ಣೆ ತಿಕ್ಕುವುದರಲ್ಲಿ, ಪಾರಿವಾಳದ ರಕ್ತ ಹಚ್ಚುವುದರಲ್ಲಿ ಕಳೆದ ಹೊತ್ತು ಮತ್ತೆ ಸಿಗುವುದಿಲ್ಲ.

ಮೂರ್ಛೆರೋಗದ ಬಗ್ಗೆಯೂ ಇಷ್ಟು ತಿಳಿದಿರಲಿ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದರಿಂದ, ಮೂಗಿಗೆ ಚಪ್ಪಲಿ ಹಿಡಿಯುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬದಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, 5 ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಸರಿಯಾದ ಮಾತ್ರೆ ತಪ್ಪದೆ ತೆಗೆದುಕೊಂಡರೆ 100ರಲ್ಲಿ ಸುಮಾರು 70 ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು. ಸಿದ್ದಾಪುರದ ಕಾಡಂಚಿನವರು ಮಂಗನ ಕಾಯಿಲೆಯ ಕಾಲದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಜ್ವರ ಇಳಿದು ಮೂರನೇ ವಾರದಲ್ಲಿ ಮತ್ತೆ ಏರಿ, ತಲೆನೋವು, ನಡುಕ, ಮಾತಿನಲ್ಲಿ ಗೊಂದಲ ಕಂಡರೆ ಕಾಯಿಲೆ ಮೆದುಳನ್ನು ಮುಟ್ಟಿರಬಹುದು.

ರಸ್ತೆಯಲ್ಲೇ ಮುಗಿಯುವ ಸಮಯ

ಇಷ್ಟೆಲ್ಲ ತಿಳಿದ ಮನೆಯವರೂ ಕೊನೆಗೆ ಸೋಲುವುದು ದೂರದ ಮುಂದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಮಣಿಪಾಲಕ್ಕೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಹಳ್ಳಿಯ ಮನೆಯಿಂದ ವಾಹನ ಹೊರಡಲು ಒಂದು ಗಂಟೆ, ತಾಲ್ಲೂಕು ಆಸ್ಪತ್ರೆಯಲ್ಲಿ ‘ಮುಂದಕ್ಕೆ ಒಯ್ಯಿರಿ’ ಎನ್ನಿಸಿಕೊಳ್ಳಲು ಒಂದು ಗಂಟೆ, ಹುಬ್ಬಳ್ಳಿ ಮುಟ್ಟಲು ಎರಡೂವರೆ ಗಂಟೆ. ಲೆಕ್ಕ ಹಾಕಿದರೆ ನಾಲ್ಕೂವರೆ ಗಂಟೆ ಆಸ್ಪತ್ರೆಯ ಬಾಗಿಲಲ್ಲೇ ಮುಗಿದಿರುತ್ತದೆ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿ 4 ಮಂದಿ ತೀರಿಕೊಂಡರು. ಚಿಕಿತ್ಸೆಗಾಗಿ ಜಿಲ್ಲೆ ಬಿಟ್ಟು ಓಡಬೇಕಾದ ಪಾಡಿನ ಮೇಲೆ ಇಡೀ ಉತ್ತರ ಕನ್ನಡ ಅಂದು ಸಿಟ್ಟಾಯಿತು. ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಅದಕ್ಕೂ ಮೊದಲೇ, 2019ರಲ್ಲಿಯೇ ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿತ್ತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ದೊಡ್ಡ ಆಸ್ಪತ್ರೆ ಬರುವವರೆಗೆ ಮೆದುಳಿನ ರೋಗಿ ಕಾಯಲಾರ. ಆದ್ದರಿಂದ ಮೊದಲ ನಾಲ್ಕೂವರೆ ಗಂಟೆಯ ಚಿಕಿತ್ಸೆಯಾದರೂ ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗಬೇಕು.

ಇದು ಆಗದ ಮಾತಲ್ಲ. ಘಟ್ಟ, ಕಣಿವೆಗಳ ಹಿಮಾಚಲ ಪ್ರದೇಶದಲ್ಲಿ 2014ರಿಂದಲೇ ಈ ಕೆಲಸ ನಡೆದಿದೆ. ಸಿ.ಟಿ. ಇರುವ ಜಿಲ್ಲಾ ಆಸ್ಪತ್ರೆಯ ವೈದ್ಯರು ಚಿತ್ರವನ್ನು ಮೊಬೈಲಿನಲ್ಲಿ ನರರೋಗ ತಜ್ಞರಿಗೆ ಕಳುಹಿಸಿ, ಅವರು ಹೇಳಿದಂತೆ ಚುಚ್ಚುಮದ್ದು ಕೊಟ್ಟರು. ಮದ್ದು ಸರ್ಕಾರದ್ದು, ರೋಗಿಗೆ ಉಚಿತ. ಕರ್ನಾಟಕದಲ್ಲೇ ಹೃದಯಾಘಾತಕ್ಕೆ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಅದೇ ಮದ್ದನ್ನು ಬೇರೆ ಪ್ರಮಾಣದಲ್ಲಿ ಲಕ್ವಕ್ಕೂ ಬಳಸುತ್ತಾರೆ. ಹೃದಯಕ್ಕೆ ಹಾಕಿದ ದಾರಿಯನ್ನು ಮೆದುಳಿಗೂ ಹಾಕಬಹುದು.

ತಿಳಿವಳಿಕೆಗೂ ಈ ರಾಜ್ಯದಲ್ಲಿ ಬರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು. ಅದೇ ಸಂಸ್ಥೆಯ ಜೊತೆ ರಾಜ್ಯ ಸರ್ಕಾರ 2022ರಲ್ಲಿ ‘ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ’ ಆರಂಭಿಸಿ, ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆಗಳನ್ನು ಸ್ಥಳೀಯ ವೈದ್ಯರೇ ಗುರುತಿಸುವಂತೆ ತರಬೇತಿ ಕೊಡತೊಡಗಿತು. ಬೆಂಗಳೂರಿನ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಮೊದಲು ಕಂಡ ಈ ಸೌಲಭ್ಯ ಘಟ್ಟದ ಮೇಲಿನ ಹಳ್ಳಿಗಳಿಗೂ ಮುಟ್ಟಬೇಕು.

ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೆ 250 ಹಾಸಿಗೆಗಳ ಹೊಸ ಕಟ್ಟಡ ಮಂಜೂರಾಗಿದೆ. ಕಟ್ಟಡ ಎದ್ದರೆ ಸಾಲದು. ರಾತ್ರಿ 2 ಗಂಟೆಗೂ ಸಿ.ಟಿ. ಯಂತ್ರ ನಡೆಸುವ ತಂತ್ರಜ್ಞರು, ಚಿತ್ರ ಓದುವ ಏರ್ಪಾಡು, ತುರ್ತು ವಿಭಾಗದಲ್ಲಿ ಸದಾ ದಾಸ್ತಾನಿರುವ ಮದ್ದು ಇಲ್ಲದಿದ್ದರೆ ಹೊಸ ಕಟ್ಟಡವೂ ರೋಗಿಗಳನ್ನು ಮುಂದಕ್ಕೆ ಕಳುಹಿಸುವ ಜಾಗವಾಗುತ್ತದೆ.

ಖರ್ಚು ಮತ್ತು ನಂತರದ ಬದುಕು

ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೆದುಳಿನ ಶಸ್ತ್ರಚಿಕಿತ್ಸೆಗಳೂ ಅದರಲ್ಲಿ ಸೇರಿವೆ. ರೋಗಿಯ ಜೊತೆ ಹೊರಡುವವರು ಪಡಿತರ ಚೀಟಿ, ಆಧಾರ್ ಹಿಡಿದೇ ಹೊರಡಬೇಕು.

ಬೆನ್ನುಹುರಿಗೆ ಏಟಾಗಿ ಕಾಲು ಕಳೆದುಕೊಂಡವರ ಬದುಕು ಅಲ್ಲಿಗೆ ಮುಗಿಯುವುದಿಲ್ಲ. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಮೂತ್ರದ ಸೋಂಕು ಕಿಡ್ನಿಗೆ ಏರುತ್ತದೆ. ಜೀವ ತೆಗೆಯುವುದು ಎಷ್ಟೋ ಸಲ ಇವೇ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಬಳಿ ಸೌತಡ್ಕದಲ್ಲಿರುವ ‘ಸೇವಾಧಾಮ’ ಇಂಥವರಿಗಾಗಿಯೇ ಇರುವ ಪುನಶ್ಚೇತನ ಕೇಂದ್ರ. ಗಾಲಿಕುರ್ಚಿಯಲ್ಲಿ ಕೂತು ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರೆ. ಅಡಿಕೆಯಿಂದ ಬದುಕು ಕಟ್ಟಿಕೊಂಡ ಶಿರಸಿ ಸೀಮೆಗೂ ಅಂಥದ್ದೊಂದು ಕೇಂದ್ರ ಬೇಕು.

ನಾಗರಿಕರಲ್ಲಿ ವಿನಂತಿ

ಮುಂದಿನ ಗ್ರಾಮಸಭೆಯಲ್ಲಿ ದಾಸನಕೊಪ್ಪದವರೂ ಸುತ್ತಲ ಊರಿನವರೂ ಎದ್ದು ನಿಂತು ನಾಲ್ಕು ವಿಷಯಗಳಿಗೆ ಠರಾವು ಬರೆಸಬೇಕು. ಶಿರಸಿ ಸರ್ಕಾರಿ ಆಸ್ಪತ್ರೆಯಲ್ಲಿ ದಿನದ 24 ಗಂಟೆ ಸಿ.ಟಿ. ಸೇವೆ, ಹುಬ್ಬಳ್ಳಿ ಅಥವಾ ನಿಮ್ಹಾನ್ಸ್ ತಜ್ಞರ ದೂರವಾಣಿ ಸಲಹೆಯೊಂದಿಗೆ ಲಕ್ವಕ್ಕೆ ಉಚಿತ ಚುಚ್ಚುಮದ್ದು, ಪ್ರತಿ ಪಂಚಾಯಿತಿಗೆ ಬೆನ್ನಿನ ಏಟಿನ ರೋಗಿಯನ್ನು ಸಾಗಿಸುವ ಗಟ್ಟಿ ಹಲಗೆ ಮತ್ತು ಅರ್ಧ ದಿನದ ತರಬೇತಿ, ಕೊನೆಗೌಡರಿಗೆ ಸುರಕ್ಷಾ ಪಟ್ಟಿ ಮತ್ತು ವಿಮೆ. ಠರಾವಿನ ಪ್ರತಿಯನ್ನು ಶಾಸಕರಿಗೆ, ಜಿಲ್ಲಾಧಿಕಾರಿಗೆ, ಆರೋಗ್ಯ ಸಚಿವರಿಗೆ ಅಂಚೆಯಲ್ಲಿ ಕಳುಹಿಸಿ, ಉತ್ತರ ಬರುವವರೆಗೆ ಪ್ರತಿ ಗ್ರಾಮಸಭೆಯಲ್ಲೂ ಕೇಳುತ್ತಿರಿ.